ಸಕ್ಕರೆ ಕಾಯಿಲೆಯ ಬೆಕ್ಕು: ಮನೆಯಲ್ಲಿ ಊಟ ಮತ್ತು ಇನ್ಸುಲಿನ್ ನೋಡಿಕೊಳ್ಳುವುದು ಹೇಗೆ?

ಬೆಕ್ಕಿಗೆ ಸಕ್ಕರೆ ಕಾಯಿಲೆ ಇದೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಕೊಡಬೇಕು ಎಂದು ಪಶುವೈದ್ಯರು ಹೇಳಿದ ಕೂಡಲೇ ಹೆಚ್ಚಿನವರಿಗೆ ಭಯವಾಗುವುದು ಸೂಜಿಯ ಬಗ್ಗೆ. ನಿಜ ಹೇಳಬೇಕೆಂದರೆ ಸೂಜಿ ಇದರಲ್ಲಿ ಸುಲಭದ ಭಾಗ. ಅದು ತುಂಬಾ ಸಣ್ಣ ಸೂಜಿ. ಒಳಗೆ ಹೋಗುವ ಔಷಧಿ ಒಂದು ಹನಿಗಿಂತಲೂ ಕಡಿಮೆ. ತಟ್ಟೆಗೆ ಮುಖ ಹಾಕಿ ತಿನ್ನುತ್ತಿರುವ ಎಷ್ಟೋ ಬೆಕ್ಕುಗಳು ಚುಚ್ಚಿದ್ದನ್ನು ಗಮನಿಸುವುದೂ ಇಲ್ಲ.

ಕಷ್ಟ ಇರುವುದು ಬೇರೆ ಕಡೆ. ಬೆಕ್ಕಿನ ರಕ್ತದ ಸಕ್ಕರೆಯನ್ನು ಊಟ ಒಂದು ಕಡೆಯಿಂದ ಮೇಲೆತ್ತುತ್ತದೆ, ಇನ್ಸುಲಿನ್ ಇನ್ನೊಂದು ಕಡೆಯಿಂದ ಕೆಳಗಿಳಿಸುತ್ತದೆ. ಇವೆರಡನ್ನೂ ಒಂದೇ ಚಿಕಿತ್ಸೆಯ ಎರಡು ಭಾಗ ಎಂದು ನೋಡಬೇಕು. ಒಂದನ್ನು ಬದಲಾಯಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಬೆಕ್ಕಿನ ಜೀವಕ್ಕೇ ಅಪಾಯವಾಗಬಹುದು. ಮನೆಯಲ್ಲಿ ಆಗುವ ಅನಾಹುತಗಳಲ್ಲಿ ಬಹುಪಾಲು ಈ ಒಂದು ವಿಷಯ ಗೊತ್ತಿಲ್ಲದೆ ಆಗುವಂಥವು. ಡೋಸ್ ಎಷ್ಟು, ಯಾವ ಇನ್ಸುಲಿನ್ ಎಂಬುದನ್ನು ನಿಮ್ಮ ಬೆಕ್ಕನ್ನು ಮುಟ್ಟಿ ನೋಡಿದ ವೈದ್ಯರೇ ಹೇಳಬೇಕು. ಅವರು ಹೇಳಿದ್ದರ ಹಿಂದಿನ ಕಾರಣಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಬೆಕ್ಕಿನ ಒಳಗೆ ಏನಾಗಿರುತ್ತದೆ?

ಬೆಕ್ಕುಗಳ ಸಕ್ಕರೆ ಕಾಯಿಲೆ ಮನುಷ್ಯರ ಟೈಪ್ 2 ಕಾಯಿಲೆಗೆ ಹತ್ತಿರ. ಮೊದಲು ದೇಹ ಇನ್ಸುಲಿನ್‌ನ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ತಯಾರಿಸುತ್ತದೆ. ಹೀಗೆ ದುಡಿದು ದುಡಿದು ಅದರಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಸೋಲುತ್ತವೆ. ಅವುಗಳ ಸುತ್ತ ಅಮೈಲಾಯ್ಡ್ ಎಂಬ ಪ್ರೋಟೀನ್ ಕೂಡಾ ಸೇರಿಕೊಳ್ಳುತ್ತಾ ಹೋಗುತ್ತದೆ. ದಪ್ಪಗಿರುವ, ಮಧ್ಯವಯಸ್ಸು ದಾಟಿದ, ಸಂತಾನಹರಣ ಮಾಡಿಸಿದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ಅಲರ್ಜಿ, ಉಬ್ಬಸ, ಬಾಯಿ ಹುಣ್ಣಿಗೆಂದು ಕೊಡುವ ಸ್ಟೀರಾಯ್ಡ್‌ಗಳೂ ಕಾಯಿಲೆಯನ್ನು ಶುರು ಮಾಡಬಲ್ಲವು.

ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಕೋಶಗಳ ಒಳಗೆ ಹೋಗುವುದಿಲ್ಲ. ಹೀಗಾಗಿ ದೇಹ ಹಸಿದೇ ಇರುತ್ತದೆ. ಬೆಕ್ಕು ಗಬಗಬ ತಿನ್ನುತ್ತದೆ, ಆದರೂ ತೂಕ ಇಳಿಯುತ್ತದೆ. ರಕ್ತದ ಸಕ್ಕರೆ ಸುಮಾರು 250ರಿಂದ 300 ದಾಟಿದ ಮೇಲೆ ಮೂತ್ರಪಿಂಡಗಳು ಅದನ್ನು ಹಿಡಿದಿಟ್ಟುಕೊಳ್ಳಲಾರವು. ಸಕ್ಕರೆ ಉಚ್ಚೆಯಲ್ಲಿ ಹೊರಗೆ ಹೋಗುತ್ತದೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಆ ಬಾಯಾರಿಕೆ, ಲಿಟರ್ ಬಾಕ್ಸ್‌ನಲ್ಲಿ (ಬೆಕ್ಕು ಉಚ್ಚೆ ಮಾಡುವ ಮರಳಿನ ಡಬ್ಬಿಯಲ್ಲಿ) ಉಚ್ಚೆಯಿಂದ ಕಟ್ಟಿಕೊಂಡ ಆ ದೊಡ್ಡ ದೊಡ್ಡ ಗಟ್ಟಿಗಳು. ಕೆಲವು ಬೆಕ್ಕುಗಳಲ್ಲಿ ಹಿಂಗಾಲಿನ ನರಗಳು ದುರ್ಬಲವಾಗಿ, ಬೆರಳುಗಳ ಮೇಲೆ ನಡೆಯುವ ಬದಲು ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತವೆ. ಇದನ್ನು ವಯಸ್ಸಾಯಿತು ಎಂದು ಸುಮ್ನೆ ಬಿಟ್ಟುಬಿಡುವವರು ಬಹಳ. ಸಕ್ಕರೆ ಹತೋಟಿಗೆ ಬಂದರೆ ಈ ನಡಿಗೆ ನಿಧಾನಕ್ಕೆ ಸುಧಾರಿಸುವುದುಂಟು.

ಈ ಲೇಖನದಲ್ಲಿ ಸಕ್ಕರೆಯ ಎಲ್ಲ ಸಂಖ್ಯೆಗಳೂ ಪ್ರತಿ ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿವೆ. ನಿಮ್ಮ ಸಕ್ಕರೆ ಅಳೆಯುವ ಮೀಟರ್ ಮಿಲಿಮೋಲ್ ಲೆಕ್ಕ ತೋರಿಸಿದರೆ ಅದನ್ನು 18ರಿಂದ ಗುಣಿಸಿ. ಆರೋಗ್ಯವಂತ ಬೆಕ್ಕಿನದು ಸಾಮಾನ್ಯವಾಗಿ 80ರಿಂದ 120ರ ಆಸುಪಾಸು ಇರುತ್ತದೆ. ಆದರೆ ಬೆಕ್ಕು ಹೆದರಿದರೆ, ಅದಕ್ಕೆ ಕಾಯಿಲೆ ಇಲ್ಲದಿದ್ದರೂ ಸಕ್ಕರೆ 300ರ ತನಕ ಏರಬಹುದು. ಬುಟ್ಟಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರೆ ಯಾವ ಬೆಕ್ಕು ಹೆದರುವುದಿಲ್ಲ ಹೇಳಿ? ಅದಕ್ಕೇ ವೈದ್ಯರು ಒಂದು ರೀಡಿಂಗ್ ನೋಡಿ ತೀರ್ಮಾನಿಸುವುದಿಲ್ಲ. ಉಚ್ಚೆ ಪರೀಕ್ಷೆ ಮಾಡಿಸುತ್ತಾರೆ. ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ತೋರಿಸುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಮನೆಯಲ್ಲಿ ನೀವೇ ತೆಗೆದ ರೀಡಿಂಗ್‌ಗೆ ಬೆಲೆ ಜಾಸ್ತಿ ಎನ್ನುವುದೂ ಇದೇ ಕಾರಣಕ್ಕೆ.

ಊಟದ ಲೆಕ್ಕ

ಬೆಕ್ಕು ಪೂರ್ತಿ ಮಾಂಸಾಹಾರಿ. ಅದರ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಇಲ್ಲ. ಒಮ್ಮೆಲೇ ಬಂದ ಸಕ್ಕರೆಯನ್ನು ಹಿಡಿದು ಒಳಗೆ ಹಾಕಿಕೊಳ್ಳುವ ಗ್ಲುಕೋಕೈನೇಸ್ ಎಂಬ ಕಿಣ್ವದ ಕೆಲಸವೂ ಅದರ ಯಕೃತ್ತಿನಲ್ಲಿ ತೀರಾ ಕಡಿಮೆ. ತನಗೆ ಬೇಕಾದ ಸಕ್ಕರೆಯನ್ನು ಅದು ಪ್ರೋಟೀನ್‌ನಿಂದಲೇ ನಿಧಾನವಾಗಿ, ಎಡೆಬಿಡದೆ ತಯಾರಿಸಿಕೊಳ್ಳುತ್ತದೆ. ಹೀಗಾಗಿ ಪಿಷ್ಟ ಕಡಿಮೆ, ಪ್ರೋಟೀನ್ ಜಾಸ್ತಿ ಇರುವ ಊಟ ಕೊಟ್ಟರೆ ಊಟದ ನಂತರ ಸಕ್ಕರೆ ದಿಢೀರನೆ ಏರುವುದಿಲ್ಲ. ಇನ್ಸುಲಿನ್ ಕಡಿಮೆ ಸಾಕಾಗುತ್ತದೆ. ಒಟ್ಟು ಕ್ಯಾಲೊರಿಯಲ್ಲಿ ಕಾರ್ಬೊಹೈಡ್ರೇಟ್‌ನ (ಪಿಷ್ಟ, ಸಕ್ಕರೆ ಸೇರಿ) ಪಾಲು ಶೇ. 12ರ ಒಳಗಿದ್ದರೆ ಒಳ್ಳೆಯದು ಎನ್ನುವುದು ಸಾಮಾನ್ಯ ಸಲಹೆ.

ಈ ಪಾಲನ್ನು ಡಬ್ಬಿಯ ಮೇಲೆ ಯಾರೂ ಬರೆದಿರುವುದಿಲ್ಲ. ನಾವೇ ಲೆಕ್ಕ ಹಾಕಬೇಕು. ಕಷ್ಟವೇನಿಲ್ಲ. ಲೇಬಲ್ ಮೇಲಿನ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ (ಅಂದರೆ ಖನಿಜಾಂಶ) ಎಲ್ಲವನ್ನೂ ಕೂಡಿಸಿ 100ರಿಂದ ಕಳೆಯಿರಿ. ಉಳಿದದ್ದೇ ಕಾರ್ಬೊಹೈಡ್ರೇಟ್. ಒಂದು ಒದ್ದೆ ಆಹಾರದ ಡಬ್ಬಿಯಲ್ಲಿ ಪ್ರೋಟೀನ್ 11, ಕೊಬ್ಬು 5, ನಾರು 1, ತೇವಾಂಶ 78, ಬೂದಿ 2 ಎಂದಿದೆ ಅಂದುಕೊಳ್ಳಿ. ಕೂಡಿಸಿದರೆ 97. ಅಂದರೆ ಕಾರ್ಬೊಹೈಡ್ರೇಟ್ 3. ಈಗ ಪ್ರೋಟೀನ್ ಮತ್ತು ಕಾರ್ಬೊಹೈಡ್ರೇಟನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ, ಒಂದೊಂದು ಗ್ರಾಂನಿಂದ ಸಿಗುವ ಕ್ಯಾಲೊರಿ ಸುಮಾರು ಅಷ್ಟು. 38.5, 10.5, 42.5 ಬರುತ್ತದೆ. ಒಟ್ಟು 91.5. ಅದರಲ್ಲಿ ಕಾರ್ಬೊಹೈಡ್ರೇಟ್‌ನ 10.5 ಎಂದರೆ ಶೇ. 11ಕ್ಕಿಂತ ಸ್ವಲ್ಪ ಜಾಸ್ತಿ. ನಡೆಯುತ್ತದೆ.

ಇದೇ ಲೆಕ್ಕವನ್ನು ಒಂದು ಒಣ ಆಹಾರಕ್ಕೆ ಹಾಕಿ ನೋಡಿ. ಪ್ರೋಟೀನ್ 32, ಕೊಬ್ಬು 14, ನಾರು 4, ತೇವಾಂಶ 8, ಬೂದಿ 7 ಇದ್ದರೆ ಕಾರ್ಬೊಹೈಡ್ರೇಟ್ 35 ಉಳಿಯುತ್ತದೆ. ಕ್ಯಾಲೊರಿ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ ಶೇ. 35. ಅಂದರೆ ಮೂರು ಪಟ್ಟು! ಲೇಬಲ್‌ನಲ್ಲಿ ಪ್ರೋಟೀನ್ ಕೊಬ್ಬುಗಳ ಕನಿಷ್ಠ ಪ್ರಮಾಣ ಮಾತ್ರ ಹಾಕಿರುವುದರಿಂದ ಇದು ಅಂದಾಜು ಲೆಕ್ಕವೇ. ಆದರೂ ಎರಡು ಆಹಾರಗಳನ್ನು ಹೋಲಿಸಲು ಸಾಕು. ಧಾನ್ಯ ಇಲ್ಲ ಎಂದು ಬರೆದ ಒಣ ಆಹಾರವನ್ನು ಕಣ್ಣುಮುಚ್ಚಿ ನಂಬಬೇಡಿ. ಧಾನ್ಯದ ಬದಲು ಆಲೂಗಡ್ಡೆಯನ್ನೋ ಬಟಾಣಿಯನ್ನೋ ಹಾಕಿರುತ್ತಾರೆ, ಪಿಷ್ಟ ಅಲ್ಲೇ ಇರುತ್ತದೆ. ಒದ್ದೆ ಆಹಾರದಲ್ಲೂ ಗ್ರೇವಿಯ ಬಗೆಯವುಗಳಲ್ಲಿ ಗಟ್ಟಿ ಬರಲೆಂದು ಪಿಷ್ಟ ಸೇರಿಸುವುದುಂಟು. ನುಣ್ಣಗೆ ಅರೆದ ಬಗೆಯವು ಸಾಮಾನ್ಯವಾಗಿ ಮೇಲು.

ಒದ್ದೆ ಆಹಾರಕ್ಕೆ ಇನ್ನೊಂದು ಲಾಭವಿದೆ. ನೀರಿನಂಶ ಜಾಸ್ತಿ ಇರುವುದರಿಂದ ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಕಡಿಮೆ ಹೋಗುತ್ತದೆ. ಬೆಕ್ಕು ದಪ್ಪಗಿದ್ದರೆ ತೂಕ ಇಳಿಸುವುದು ಚಿಕಿತ್ಸೆಯ ದೊಡ್ಡ ಭಾಗ. ಕೊಬ್ಬು ಕರಗಿದಷ್ಟೂ ದೇಹ ಇನ್ಸುಲಿನ್‌ಗೆ ಸ್ಪಂದಿಸುತ್ತದೆ. ಆದರೆ ಅವಸರ ಬೇಡ. ವಾರಕ್ಕೆ ದೇಹತೂಕದ ಶೇ. 1ರ ಆಸುಪಾಸು ಸಾಕು. 6 ಕಿಲೋ ಬೆಕ್ಕಿಗೆ ಅದು 60 ಗ್ರಾಂ. ಬೆಕ್ಕನ್ನು ಉಪವಾಸ ಕೆಡವುವುದಂತೂ ಬೇಡವೇ ಬೇಡ. ಕೆಲವೇ ದಿನ ಊಟ ಬಿಟ್ಟರೂ, ಅದರಲ್ಲೂ ದಪ್ಪ ಬೆಕ್ಕುಗಳಲ್ಲಿ, ಕೊಬ್ಬೆಲ್ಲ ಯಕೃತ್ತಿಗೆ ಬಂದು ತುಂಬಿಕೊಂಡು ಜೀವಕ್ಕೆ ಕುತ್ತು ಬರುತ್ತದೆ. ಹೊಸ ಆಹಾರ ತಿನ್ನದೆ ಹಟ ಹಿಡಿದರೆ ಹಳೆಯದನ್ನೇ ಕೊಡಿ. ಹಸಿವಾದರೆ ತಾನೇ ತಿನ್ನುತ್ತದೆ ಎಂದು ಬೆಕ್ಕಿನ ಜೊತೆ ಪಂತ ಕಟ್ಟಬಾರದು. ಈಗಾಗಲೇ ಸೊರಗಿರುವ ಬೆಕ್ಕಿಗಾದರೆ ಕಡಿಮೆ ಅಲ್ಲ, ಇನ್ನೂ ಜಾಸ್ತಿ ಊಟ ಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ಬೆಕ್ಕು ಈಗಾಗಲೇ ಇನ್ಸುಲಿನ್ ಮೇಲಿದ್ದು, ನೀವು ಒಂದು ದಿನ ಇದ್ದಕ್ಕಿದ್ದಂತೆ ಒಣ ಆಹಾರ ನಿಲ್ಲಿಸಿ ಒದ್ದೆ ಆಹಾರಕ್ಕೆ ಹೋದಿರಿ ಅನ್ನಿ. ಹಳೆಯ ಡೋಸ್ ಆ ಎಲ್ಲ ಪಿಷ್ಟವನ್ನು ಎದುರಿಸಲೆಂದು ಕೊಟ್ಟದ್ದು. ಈಗ ಪಿಷ್ಟವೇ ಇಲ್ಲ, ಇನ್ಸುಲಿನ್ ಮಾತ್ರ ಅಷ್ಟೇ ಇದೆ. ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೇ ಬೆಕ್ಕನ್ನು ಸಾವಿನ ಬಾಗಿಲಿಗೆ ತಳ್ಳಿದಂತಾಗುತ್ತದೆ. ಆದ್ದರಿಂದ ಊಟ ಬದಲಾಯಿಸುವ ಮುಂಚೆ ವೈದ್ಯರಿಗೆ ಹೇಳಿ, ಡೋಸ್ ಎಷ್ಟು ಇಳಿಸಬೇಕೆಂದು ಕೇಳಿ. ಒಂದೆರಡು ವಾರ ತೆಗೆದುಕೊಂಡು ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ಆ ದಿನಗಳಲ್ಲಿ ಸಕ್ಕರೆಯನ್ನು ಹೆಚ್ಚು ಸಲ ನೋಡಿ. ಉಲ್ಟಾ ದಿಕ್ಕಿನಲ್ಲೂ ಇದೇ ಮಾತು. ಊರಿಗೆ ಹೋಗುವಾಗ ಸುಲಭವಾಗಲೆಂದು ಒಣ ಆಹಾರ ಸುರಿದು ಹೋದರೆ ಸಕ್ಕರೆ ಏರುತ್ತದೆ.

ಊಟದ ಹೊತ್ತಿನ ಬಗ್ಗೆ ತಲೆಕೆಡಿಸಿಕೊಳ್ಳುವವರು ಬಹಳ. ಪಿಷ್ಟ ಕಡಿಮೆ ಇರುವ ಊಟ ತಿನ್ನುವ, ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಮೇಲಿರುವ ಬೆಕ್ಕಿಗೆ ನಿಮಿಷದ ಲೆಕ್ಕ ಬೇಕಿಲ್ಲ. ಇನ್ಸುಲಿನ್ ಹೊತ್ತಿಗೆ ಎರಡು ದೊಡ್ಡ ಊಟ, ಮಧ್ಯೆ ಒಂದೆರಡು ತುತ್ತು ಎಂದರೂ ಸರಿ. ದಿನವಿಡೀ ಸ್ವಲ್ಪ ಸ್ವಲ್ಪ ತಿನ್ನುವ ಬೆಕ್ಕಾದರೆ ಹಾಗೂ ಸರಿ. ದಿನದ ಒಟ್ಟು ಪ್ರಮಾಣ ಮತ್ತು ಆಹಾರದ ಬಗೆ ಒಂದೇ ಇರಬೇಕು, ಅಷ್ಟೇ. ಲೋಟದಲ್ಲಿ ಅಳೆಯುವ ಬದಲು ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ತಟ್ಟೆಗಳು ಬೇರೆ ಬೇರೆ ಕೋಣೆಯಲ್ಲಿರಲಿ. ಇಲ್ಲದಿದ್ದರೆ ಯಾರು ಎಷ್ಟು ತಿಂದರು ಎಂಬುದೇ ಗೊತ್ತಾಗುವುದಿಲ್ಲ. ಬಹುಮಾನವಾಗಿ ಕೊಡಲು ಬೇಯಿಸಿದ ಕೋಳಿ ಅಥವಾ ಮೀನಿನ ಚೂರು ಸಾಕು. ಅದಕ್ಕೆ ಉಪ್ಪು ಬೇಡ. ಈರುಳ್ಳಿ, ಬೆಳ್ಳುಳ್ಳಿ ಸೋಕಲೇಬಾರದು, ಅವು ಬೆಕ್ಕಿಗೆ ವಿಷ. ಬೆಕ್ಕಿಗೆ ಮೂತ್ರಪಿಂಡದ ತೊಂದರೆಯೂ ಇದ್ದರೆ ಊಟದ ಆಯ್ಕೆ ಬೇರೆಯೇ ಆಗುತ್ತದೆ. ಅದನ್ನು ವೈದ್ಯರ ಜೊತೆ ಕೂತು ತೀರ್ಮಾನಿಸಿ.

ಇನ್ಸುಲಿನ್: ಸೀಸೆ, ಸಿರಿಂಜ್, ಸೂಜಿ

ಬೆಕ್ಕುಗಳಿಗೆ ಹೆಚ್ಚಾಗಿ ಕೊಡುವುದು ಗ್ಲಾರ್ಜಿನ್ ಅಥವಾ ಪಿಝಡ್‌ಐ (ಪ್ರೋಟಮೈನ್ ಝಿಂಕ್ ಇನ್ಸುಲಿನ್) ಎಂಬ ನಿಧಾನಗತಿಯ ಇನ್ಸುಲಿನ್‌ಗಳನ್ನು. ಹಂದಿಯ ಇನ್ಸುಲಿನ್‌ನಿಂದ ಮಾಡಿದ ಲೆಂಟೆ ಕೂಡಾ ಬಳಕೆಯಲ್ಲಿದೆ. ಸಾಮಾನ್ಯವಾಗಿ 12 ಗಂಟೆಗೊಮ್ಮೆ ಕೊಡುತ್ತಾರೆ. ಶುರುವಿನಲ್ಲಿ ಪ್ರತಿ ಸಲ 1 ಯೂನಿಟ್ (ಇನ್ಸುಲಿನ್ ಅಳೆಯುವ ಮಾನ), ದೊಡ್ಡ ಬೆಕ್ಕಿಗೆ ಹೆಚ್ಚೆಂದರೆ 2 ಯೂನಿಟ್. ಇಷ್ಟು ಕಡಿಮೆಯಿಂದ ಶುರು ಮಾಡುವುದಕ್ಕೆ ಕಾರಣವಿದೆ. ಸಕ್ಕರೆ ಕೆಲವು ದಿನ ಜಾಸ್ತಿ ಇದ್ದರೆ ತಕ್ಷಣಕ್ಕೆ ಏನೂ ಆಗದು. ತೀರಾ ಇಳಿದರೆ ಕೆಲವೇ ಗಂಟೆಗಳಲ್ಲಿ ಬೆಕ್ಕು ಸಾಯಬಹುದು.

ಇಲ್ಲಿ ಸಿರಿಂಜ್‌ನ ವಿಷಯವನ್ನು ದಯವಿಟ್ಟು ಎರಡು ಸಲ ಓದಿ. ಬೆಕ್ಕುಗಳಿಗೆ ಕೊಡುವ ಇನ್ಸುಲಿನ್ ಸಾಮಾನ್ಯವಾಗಿ ಎರಡು ಸಾಂದ್ರತೆಗಳಲ್ಲಿ ಬರುತ್ತದೆ. ಯು-100 ಎಂದರೆ 1 ಮಿಲಿಲೀಟರ್‌ನಲ್ಲಿ 100 ಯೂನಿಟ್. ಯು-40 ಎಂದರೆ 40 ಯೂನಿಟ್. ಮನುಷ್ಯರಿಗೆಂದು ಬರುವ ಸಾಮಾನ್ಯ ಗ್ಲಾರ್ಜಿನ್ ಯು-100. ಪ್ರಾಣಿಗಳಿಗೆಂದೇ ತಯಾರಾಗುವ ಪಿಝಡ್‌ಐ, ಲೆಂಟೆಗಳು ಯು-40. ಎರಡಕ್ಕೂ ಬೇರೆ ಬೇರೆ ಸಿರಿಂಜ್ ಇವೆ, ಗೆರೆಗಳ ಲೆಕ್ಕವೂ ಬೇರೆ. ಯು-100 ಇನ್ಸುಲಿನ್ ಅನ್ನು ಯು-40 ಸಿರಿಂಜ್‌ನಲ್ಲಿ 2ರ ಗೆರೆಯ ತನಕ ಎಳೆದರೆ ಒಳಗೆ ಬರುವುದು 2 ಯೂನಿಟ್ ಅಲ್ಲ, 5 ಯೂನಿಟ್. ಅಂದರೆ ಎರಡೂವರೆ ಪಟ್ಟು. ಉಲ್ಟಾ ಆದರೆ 2ರ ಬದಲು ಬರೀ 0.8 ಯೂನಿಟ್. ಅಂಗಡಿಯವರು ಎರಡೂ ಒಂದೇ ಎಂದು ಹೇಳಿದರೂ ಒಪ್ಪಬೇಡಿ. ಸೀಸೆಯ ಮೇಲೆ ಏನಿದೆಯೋ ಸಿರಿಂಜ್‌ನ ಮೇಲೂ ಅದೇ ಇರಬೇಕು. ಯು-100ಕ್ಕೆ ಅರ್ಧ ಯೂನಿಟ್ ಗೆರೆ ಇರುವ 0.3 ಮಿಲಿಲೀಟರ್ ಸಿರಿಂಜ್ ಸಿಕ್ಕರೆ ಅದೇ ಒಳ್ಳೆಯದು. ಬೆಕ್ಕಿನ ಡೋಸ್‌ನಲ್ಲಿ ಅರ್ಧ ಯೂನಿಟ್ ಎಂದರೂ ದೊಡ್ಡ ಮೊತ್ತ.

ಸೀಸೆ ಫ್ರಿಜ್‌ನಲ್ಲಿರಲಿ, ಆದರೆ ಫ್ರೀಜರ್ ಹತ್ತಿರ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಕೆಲಸಕ್ಕೆ ಬಾರದು. ಬಿಸಿಲು, ಬಿಸಿಯೂ ಆಗದು. ಗ್ಲಾರ್ಜಿನ್ ತಿಳಿನೀರಿನಂತೆ ಇರಬೇಕು. ಮಬ್ಬಾಗಿದ್ದರೆ ಎಸೆಯಿರಿ. ಅದಕ್ಕೆ ನೀರು ಸೇರಿಸಿ ತೆಳ್ಳಗೆ ಮಾಡುವಂತಿಲ್ಲ, ಬೇರೆ ಇನ್ಸುಲಿನ್ ಜೊತೆ ಬೆರೆಸುವಂತಿಲ್ಲ. ಗ್ಲಾರ್ಜಿನ್ ಆಮ್ಲೀಯ ದ್ರವ. ಚರ್ಮದ ಕೆಳಗೆ ಹೋದಾಗ ಅಲ್ಲಿ ಸಣ್ಣ ಸಣ್ಣ ಕಣಗಳಾಗಿ ನಿಂತು, ಅವು ನಿಧಾನವಾಗಿ ಕರಗುವುದರಿಂದಲೇ ಅದು ಅಷ್ಟು ಹೊತ್ತು ಕೆಲಸ ಮಾಡುತ್ತದೆ. ತೆಳ್ಳಗೆ ಮಾಡಿದರೆ ಆ ಗುಣ ಕೆಡುತ್ತದೆ. ಪಿಝಡ್‌ಐ, ಲೆಂಟೆಗಳು ಹಾಲಿನ ಬಣ್ಣದವು, ಎಳೆಯುವ ಮುಂಚೆ ಚೆನ್ನಾಗಿ ಬೆರೆಯಬೇಕು. ಅಂಗೈ ನಡುವೆ ಮೆಲ್ಲಗೆ ಉರುಳಿಸಬೇಕೋ ಕುಲುಕಬೇಕೋ ಎಂಬುದು ಔಷಧಿಯಿಂದ ಔಷಧಿಗೆ ಬೇರೆ. ಜೊತೆಗೆ ಬರುವ ಚೀಟಿಯಲ್ಲಿ ಬರೆದಿರುತ್ತದೆ, ಅದರಂತೆ ಮಾಡಿ.

ಚುಚ್ಚುವುದು ಹೀಗೆ. ಪಕ್ಕೆಯ ಮೇಲಿನ ಅಥವಾ ಹೊಟ್ಟೆಯ ಪಕ್ಕದ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿಯಿರಿ. ಅಲ್ಲಿ ಸಣ್ಣ ಗುಡಾರದ ಆಕಾರ ಬರುತ್ತದೆ. ಅದರ ಬುಡಕ್ಕೆ ಸೂಜಿ ಹಾಕಿ, ಪಿಸ್ಟನ್ ಒತ್ತಿ, ಹೊರಗೆ ತೆಗೆಯಿರಿ. ಕತ್ತಿನ ಹಿಂಭಾಗ ಸುಲಭ ಎಂದು ದಿನಾ ಅಲ್ಲೇ ಹಾಕಬೇಡಿ. ಒಂದೇ ಕಡೆ ಹಾಕುತ್ತಾ ಹೋದರೆ ಚರ್ಮ ದಪ್ಪವಾಗಿ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬೆಳಗ್ಗೆ ಎಡಕ್ಕೆ, ಸಂಜೆ ಬಲಕ್ಕೆ ಎಂದು ಜಾಗ ಬದಲಾಯಿಸಿ. ಚುಚ್ಚಿದ ಮೇಲೆ ಕೂದಲು ಒದ್ದೆಯಾಗಿದ್ದರೆ ಔಷಧಿ ಹೊರಗೆ ಹೋಗಿರಬಹುದು. ಆಗ ಏನು ಮಾಡಬೇಕು? ಏನೂ ಮಾಡಬಾರದು. ಎಷ್ಟು ಒಳಗೆ ಹೋಯಿತು ಎಂದು ಗೊತ್ತಿಲ್ಲದಿದ್ದಾಗ ಮತ್ತೊಮ್ಮೆ ಚುಚ್ಚುವುದು ಡಬಲ್ ಡೋಸ್ ಆಗಬಹುದು. ಮುಂದಿನ ಹೊತ್ತಿನ ತನಕ ಕಾಯಿರಿ. ಮನೆಯಲ್ಲಿ ಇಬ್ಬರು ಇನ್ಸುಲಿನ್ ಹಾಕುವವರಿದ್ದರೆ, ಹಾಕಿದ ಕೂಡಲೇ ಫ್ರಿಜ್ ಮೇಲೆ ಅಂಟಿಸಿದ ಹಾಳೆಯಲ್ಲಿ ಗುರುತು ಹಾಕುವ ಅಭ್ಯಾಸ ಇರಲಿ. ನೀನು ಹಾಕಿದ್ಯಾ, ನಾನು ಹಾಕಿದ್ನಾ ಎಂಬ ಗೊಂದಲದಲ್ಲಿ ಎರಡು ಡೋಸ್ ಹೋಗುವುದು ನಡೆಯುವ ಸಂಗತಿ.

ಅರ್ಧ ಗಂಟೆ, ಒಂದು ಗಂಟೆ ಹಿಂದೆಮುಂದೆ ಆದರೆ ಚಿಂತೆ ಬೇಡ. ಪೂರ್ತಿ ಒಂದು ಹೊತ್ತು ತಪ್ಪಿಹೋದರೆ ಹೋಗಲಿ, ಮುಂದಿನದ್ದನ್ನು ಅದರ ಹೊತ್ತಿಗೆ, ಅಷ್ಟೇ ಪ್ರಮಾಣದಲ್ಲಿ ಕೊಡಿ.

ಬೆಕ್ಕು ಊಟ ಮಾಡದಿದ್ದರೆ? ಇದು ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ದಿನ ಬರುವ ಪ್ರಶ್ನೆ. ಉತ್ತರವನ್ನು ಮೊದಲ ದಿನವೇ ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಬೆಕ್ಕು ಗೆಲುವಾಗಿದ್ದು ಊಟ ಮಾತ್ರ ಬಿಟ್ಟಿದ್ದರೆ ಅರ್ಧ ಡೋಸ್ ಕೊಡಿ ಎನ್ನುವ ವೈದ್ಯರಿದ್ದಾರೆ. ಆದರೆ ಅದು ನಿಮ್ಮ ಬೆಕ್ಕಿನ ಸಕ್ಕರೆ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಮಂಕಾಗಿದ್ದರೆ, ವಾಂತಿ ಮಾಡುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ತಿನ್ನುತ್ತಿಲ್ಲ ಎಂದು ನೀವೇ ತೀರ್ಮಾನಿಸಿ ದಿನಗಟ್ಟಲೆ ಇನ್ಸುಲಿನ್ ನಿಲ್ಲಿಸುವುದೂ ಅಪಾಯವೇ. ಅದರ ಕಾರಣ ಮುಂದೆ ಬರುತ್ತದೆ.

ಮನೆಯಲ್ಲಿ ಸಕ್ಕರೆ ನೋಡುವುದು

ಅಳೆಯದೆ ಇನ್ಸುಲಿನ್ ಕೊಡುವುದು ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದ ಹಾಗೆ. ಕಿವಿಯ ಅಂಚಿನಲ್ಲಿ ಒಂದು ಸಣ್ಣ ರಕ್ತನಾಳ ಹಾದುಹೋಗುತ್ತದೆ. ಬೆಚ್ಚಗಿನ ಬಟ್ಟೆಯಿಂದ ಕಿವಿಯನ್ನು ಸ್ವಲ್ಪ ಹೊತ್ತು ಹಿಡಿದು, ಹಿಂದೆ ಹತ್ತಿ ಇಟ್ಟು, ಆ ಅಂಚಿಗೆ ಲ್ಯಾನ್ಸೆಟ್ ಎಂಬ ಸಣ್ಣ ಮೊನೆಯಿಂದ ಚುಚ್ಚಿದರೆ ಸಾಸಿವೆ ಕಾಳಿನಷ್ಟು ರಕ್ತ ಬರುತ್ತದೆ. ಮೀಟರ್‌ಗೆ ಅಷ್ಟು ಸಾಕು. ಆಮೇಲೆ ಕೆಲವು ಸೆಕೆಂಡ್ ಒತ್ತಿ ಹಿಡಿದು, ಒಂದು ಚೂರು ಕೋಳಿ ಕೊಡಿ. ಕೆಲವೇ ದಿನಗಳಲ್ಲಿ ಕೆಲವು ಬೆಕ್ಕುಗಳು ಮೀಟರ್ ಸದ್ದು ಕೇಳಿದರೆ ತಾವೇ ಬಂದು ಕೂರುತ್ತವೆ, ಕೋಳಿಯ ಆಸೆಗೆ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೆಂದೇ ಮಾಡಿದ ಮೀಟರ್ ಇನ್ನೂ ನಿಖರ. ಯಾವುದಾದರೂ ಒಂದನ್ನೇ ಬಳಸಿ, ಯಾವುದೆಂದು ವೈದ್ಯರಿಗೆ ತಿಳಿಸಿ.

ಮನುಷ್ಯರು ತೋಳಿಗೆ ಅಂಟಿಸಿಕೊಳ್ಳುವ ಫ್ರೀಸ್ಟೈಲ್ ಲಿಬ್ರೆಯಂಥ ಸೆನ್ಸರ್‌ಗಳನ್ನು ಈಗ ಬೆಕ್ಕುಗಳಿಗೂ ಹಾಕುತ್ತಾರೆ. 14 ದಿನ ಬರುವಂಥ ಸೆನ್ಸರ್ ಬೆಕ್ಕಿನ ಮೈಮೇಲೆ ಅದಕ್ಕಿಂತ ಬೇಗ ಬಿದ್ದುಹೋಗುವುದೇ ಜಾಸ್ತಿ. ಆದರೂ ಅಷ್ಟು ದಿನದಲ್ಲಿ ಸಿಗುವ ಮಾಹಿತಿ ಬಹಳ. ಒಂದು ಮಾತು ನೆನಪಿಡಿ: ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಸಕ್ಕರೆ ವೇಗವಾಗಿ ಏರಿಳಿಯುವಾಗ ಅದು ಸ್ವಲ್ಪ ಹಿಂದೆ ಬೀಳುತ್ತದೆ. ತೀರಾ ಕಡಿಮೆ ತೋರಿಸಿದರೆ ಕಿವಿಯಿಂದ ಒಂದು ಹನಿ ತೆಗೆದು ಖಚಿತಪಡಿಸಿಕೊಳ್ಳಿ. ಬೆಕ್ಕು ತೂರಾಡುತ್ತಿದ್ದರೆ ಖಚಿತಪಡಿಸಿಕೊಳ್ಳುತ್ತಾ ಕೂರಬೇಡಿ, ಮೊದಲು ಸಕ್ಕರೆ ಕೊಡಿ.

ಇನ್ಸುಲಿನ್ ಕೊಡುವ ಮುಂಚೆ ಒಂದು ರೀಡಿಂಗ್ ತೆಗೆಯುವುದು ಒಳ್ಳೆಯ ಅಭ್ಯಾಸ. ಶುರುವಿನ ವಾರಗಳಲ್ಲಿ ಅದು 200ಕ್ಕಿಂತ ಕಡಿಮೆ ಇದ್ದರೆ, ಚುಚ್ಚುವ ಮೊದಲು ವೈದ್ಯರಿಗೆ ಫೋನ್ ಮಾಡಿ ಕೇಳಿ. ಆದರೆ ಈ ಒಂದು ರೀಡಿಂಗ್‌ನಿಂದ ಡೋಸ್ ಸರಿಯಿದೆಯೇ ಇಲ್ಲವೇ ಗೊತ್ತಾಗುವುದಿಲ್ಲ. ಅದಕ್ಕೆ ಇಡೀ ದಿನದ ಏರಿಳಿತ ಬೇಕು. ಬೆಳಗಿನ ಇನ್ಸುಲಿನ್‌ನಿಂದ ಸಂಜೆಯದರ ತನಕ 2 ಗಂಟೆಗೊಮ್ಮೆ ಅಳೆದು ಬರೆದರೆ ಒಂದು ಗೆರೆ ಸಿಗುತ್ತದೆ. ಇದನ್ನು ಗ್ಲುಕೋಸ್ ಕರ್ವ್ ಎನ್ನುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಕೆಳಗಿನ ಬಿಂದು ಬಹಳ ಮುಖ್ಯ. ಅದು 80ರಿಂದ 150ರ ಮಧ್ಯೆ ಇದ್ದರೆ ಒಳ್ಳೆಯದು.

ಮೂರು ಬೆಕ್ಕುಗಳನ್ನು ಊಹಿಸಿಕೊಳ್ಳಿ. ಮೂರರದ್ದೂ ಬೆಳಗಿನ ರೀಡಿಂಗ್ 380. ಮೊದಲನೆಯದರ ಸಕ್ಕರೆ ಇಡೀ ದಿನ 340ರ ಕೆಳಗೆ ಇಳಿಯಲೇ ಇಲ್ಲ. ಡೋಸ್ ಸಾಲದಿರಬಹುದು. ಅಥವಾ ಇನ್ಸುಲಿನ್ ಕೆಟ್ಟಿರಬಹುದು, ಚುಚ್ಚುವುದರಲ್ಲಿ ತಪ್ಪಿರಬಹುದು. ಎರಡನೆಯದು ಮೂರೇ ಗಂಟೆಯಲ್ಲಿ 110ಕ್ಕೆ ಇಳಿದು, ಏಳನೇ ಗಂಟೆಗೆ ಮತ್ತೆ 350ಕ್ಕೆ ಹೋಯಿತು. ಅದಕ್ಕೆ ಡೋಸ್ ಸಾಕಷ್ಟಿದೆ, ಆದರೆ ಇನ್ಸುಲಿನ್ ಹೆಚ್ಚು ಹೊತ್ತು ನಿಲ್ಲುತ್ತಿಲ್ಲ. ಬೇರೆ ಬಗೆಯ ಇನ್ಸುಲಿನ್ ಬೇಕಾಗಬಹುದು. ಮೂರನೆಯದು ಮಧ್ಯಾಹ್ನ 45ಕ್ಕೆ ಬಿದ್ದು, ದೇಹ ಗಾಬರಿಯಾಗಿ ಯಕೃತ್ತಿನಲ್ಲಿದ್ದ ಸಕ್ಕರೆಯನ್ನು ಹೊರಗೆ ಸುರಿದು, ಸಂಜೆಗೆ 400 ಮುಟ್ಟಿತು. ಇದಕ್ಕೆ ಡೋಸ್ ಇಳಿಸಬೇಕು! ಬೆಳಗಿನ 380 ಒಂದನ್ನೇ ನೋಡಿ ಮೂರಕ್ಕೂ ಡೋಸ್ ಏರಿಸಿದ್ದರೆ ಮೂರನೆಯ ಬೆಕ್ಕಿಗೆ ಏನಾಗುತ್ತಿತ್ತು ಯೋಚಿಸಿ. ಡೋಸ್ ಬದಲಾವಣೆ ಮಾಮೂಲಿಯಾಗಿ ಅರ್ಧ ಯೂನಿಟ್‌ನಷ್ಟು ಮಾತ್ರ. ಬದಲಾಯಿಸಿದ ಮೇಲೆ ದೇಹ ಹೊಂದಿಕೊಳ್ಳಲು ಐದಾರು ದಿನವಾದರೂ ಬೇಕು. ದಿನಾ ರೀಡಿಂಗ್ ನೋಡಿ ದಿನಾ ಡೋಸ್ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂಬುದೇ ತಿಳಿಯುವುದಿಲ್ಲ. ಸಕ್ಕರೆ ತೀರಾ ಕಡಿಮೆಯಾದರೆ ಮಾತ್ರ ಕಾಯುವಂತಿಲ್ಲ, ಡೋಸ್ ಅನ್ನು ತಕ್ಷಣ ಇಳಿಸಬೇಕು.

ಮೀಟರ್ ಅಷ್ಟೇ ಅಲ್ಲ, ಬೆಕ್ಕನ್ನೂ ನೋಡಿ. ವಾರಕ್ಕೊಮ್ಮೆ ತೂಕ. ಲಿಟರ್ ಬಾಕ್ಸ್‌ನ ಗಟ್ಟಿಗಳ ಗಾತ್ರ. ನೀರಿನ ಬಟ್ಟಲು ಎಷ್ಟು ಬೇಗ ಖಾಲಿಯಾಗುತ್ತದೆ. ಮತ್ತೆ ಮೈ ನೆಕ್ಕಿಕೊಳ್ಳಲು, ಆಟವಾಡಲು ಶುರು ಮಾಡಿದೆಯೇ? ಬೆಕ್ಕು ಗೆಲುವಾಗಿದ್ದು, ತೂಕ ನಿಂತು, ಗಟ್ಟಿಗಳು ಚಿಕ್ಕವಾಗಿದ್ದರೆ ಒಂದೆರಡು ಕೆಟ್ಟ ರೀಡಿಂಗ್‌ಗೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಡೋಸ್ ಏರುತ್ತಾ ಹೋದರೂ ಸಕ್ಕರೆ ಬಗ್ಗದಿದ್ದರೆ ಹಿಂದೆ ಬೇರೆ ಏನೋ ಇರುತ್ತದೆ. ಹಲ್ಲು-ವಸಡಿನ ಸೋಂಕು, ಉಚ್ಚೆಯ ಸೋಂಕು, ಮೇದೋಜೀರಕದ ಉರಿಯೂತ, ಬೆಳವಣಿಗೆಯ ಹಾರ್ಮೋನು ಜಾಸ್ತಿಯಾಗುವ ಅಕ್ರೋಮೆಗಲಿ ಇವೆಲ್ಲ ಇನ್ಸುಲಿನ್‌ಗೆ ಅಡ್ಡ ಬರುತ್ತವೆ.

ತುರ್ತು ಹೊತ್ತಿನಲ್ಲಿ

ಸಕ್ಕರೆ 60ಕ್ಕಿಂತ ಕೆಳಗೆ ಹೋದರೆ ತುರ್ತು. ಬೆಕ್ಕು ಇದ್ದಕ್ಕಿದ್ದಂತೆ ಹಸಿದು ಕೂಗಬಹುದು, ತೂರಾಡಬಹುದು, ನಡುಗಬಹುದು, ಎಲ್ಲೋ ನೋಡುತ್ತಾ ನಿಲ್ಲಬಹುದು. ಮುಂದಕ್ಕೆ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಲಕ್ಷಣವೇ ಇಲ್ಲದೆ ಸಂಖ್ಯೆ ಮಾತ್ರ ಕಡಿಮೆ ಇರುವುದೂ ಉಂಟು. ತಿನ್ನುವ ಸ್ಥಿತಿಯಲ್ಲಿದ್ದರೆ ತಕ್ಷಣ ಊಟ ಕೊಡಿ. ಈ ಹೊತ್ತಿಗೆ ಪಿಷ್ಟ ಇರುವ ಊಟವೇ ಒಳ್ಳೆಯದು, ಮೇಲೆ ಸ್ವಲ್ಪ ಜೇನುತುಪ್ಪ ಸುರಿಯಿರಿ. ತಿನ್ನಲಾರದ ಸ್ಥಿತಿಯಲ್ಲಿದ್ದರೆ ಜೇನುತುಪ್ಪ ಅಥವಾ ಗ್ಲುಕೋಸ್ ಪಾಕವನ್ನು ಬೆರಳಿನಿಂದ ವಸಡಿಗೆ ಸವರಿ. ಗಂಟಲಿಗೆ ಹುಯ್ಯಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಫಿಟ್ಸ್ ಬಂದಿದ್ದರೆ ಹಲ್ಲುಗಳ ನಡುವೆ ಬೆರಳು ಹಾಕಬೇಡಿ, ತುಟಿಯ ಒಳಗಡೆ ಸವರಿದರೆ ಸಾಕು. ಹಾಗೇ ಆಸ್ಪತ್ರೆಗೆ ಹೊರಡಿ. ಚೇತರಿಸಿಕೊಂಡಿತೆಂದು ನೆಮ್ಮದಿಯಾಗಿ ಕೂರುವಂತಿಲ್ಲ. ಜೇನುತುಪ್ಪದ ಪರಿಣಾಮ ಬೇಗ ಮುಗಿಯುತ್ತದೆ, ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಕೆಲಸ ಮಾಡುತ್ತಿರುತ್ತದೆ. ಮತ್ತೆ ಮತ್ತೆ ಅಳೆಯಬೇಕು. ಮುಂದಿನ ಡೋಸ್ ಅನ್ನು ವೈದ್ಯರನ್ನು ಕೇಳದೆ ಕೊಡಬಾರದು.

ಇನ್ನೊಂದು ತುದಿಯ ಅಪಾಯ ಕೀಟೋಆಸಿಡೋಸಿಸ್. ಇನ್ಸುಲಿನ್ ಸಾಲದೆ ಹೋದಾಗ ದೇಹ ಕೊಬ್ಬನ್ನು ಕರಗಿಸುತ್ತಾ ಹೋಗುತ್ತದೆ. ಅದರಿಂದ ಹುಟ್ಟುವ ಕೀಟೋನ್‌ಗಳು ರಕ್ತವನ್ನು ಆಮ್ಲೀಯ ಮಾಡುತ್ತವೆ. ಊಟ ಬಿಡುವುದು, ವಾಂತಿ, ತೀರಾ ಸುಸ್ತು, ಉಸಿರಿನಲ್ಲಿ ಉಗುರು ಬಣ್ಣ ಅಳಿಸುವ ದ್ರವದಂಥ ವಾಸನೆ ಇದರ ಗುರುತು. ಇದನ್ನು ಮನೆಯಲ್ಲಿ ನಿಭಾಯಿಸಲು ಆಗುವುದಿಲ್ಲ. ಉಚ್ಚೆಯ ಕೀಟೋನ್ ನೋಡುವ ಪಟ್ಟಿಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಬೆಕ್ಕು ಮಂಕಾಗಿದ್ದ ದಿನ ಅದರಲ್ಲಿ ಪರೀಕ್ಷಿಸಿ, ಬಣ್ಣ ಬಂದರೆ ರಾತ್ರಿಯಾದರೂ ಸರಿ, ಹೊರಡಿ.

ಚುಚ್ಚದೆ ಬಾಯಿಗೆ ಕೊಡುವ ಔಷಧಿ ಇಲ್ಲವೇ ಎಂದು ಕೇಳುವವರಿಗೆ: ಇದೆ. ಉಚ್ಚೆಯ ಮೂಲಕ ಸಕ್ಕರೆಯನ್ನು ಹೊರಹಾಕುವ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ 2022ರಲ್ಲಿ, ವೆಲಾಗ್ಲಿಫ್ಲೋಜಿನ್ ದ್ರವಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅಲ್ಲಿ ಒಪ್ಪಿಗೆ ಇರುವುದು ಹಿಂದೆ ಇನ್ಸುಲಿನ್ ತೆಗೆದುಕೊಂಡಿರದ, ಉಳಿದಂತೆ ಆರೋಗ್ಯವಾಗಿರುವ ಬೆಕ್ಕುಗಳಿಗೆ ಮಾತ್ರ. ಈ ಔಷಧಿಗಳನ್ನು ಕೊಡುವಾಗ ರಕ್ತದ ಸಕ್ಕರೆ ಮಾಮೂಲಾಗಿದ್ದಾಗಲೇ ಕೀಟೋಆಸಿಡೋಸಿಸ್ ಆಗುವ ಅಪಾಯವಿದೆ. ಆದ್ದರಿಂದ ಮೀಟರ್ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳಲು ಬರುವುದಿಲ್ಲ. ಇನ್ಸುಲಿನ್ ಮೇಲಿರುವ ಬೆಕ್ಕನ್ನು ಸ್ವಂತ ತೀರ್ಮಾನದಿಂದ ಇವುಗಳಿಗೆ ಬದಲಾಯಿಸಬೇಡಿ.

ಬೆಕ್ಕುಗಳ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಕಾಯಿಲೆ ಬೇಗ ಪತ್ತೆಯಾಗಿ, ಮೊದಲ ಕೆಲವು ತಿಂಗಳಲ್ಲೇ ಸಕ್ಕರೆ ಹತೋಟಿಗೆ ಬಂದರೆ, ಬೀಟಾ ಕೋಶಗಳಿಗೆ ಬಿಡುವು ಸಿಕ್ಕಿ ಕೆಲವು ಬೆಕ್ಕುಗಳಲ್ಲಿ ಅವು ಮತ್ತೆ ಕೆಲಸ ಶುರು ಮಾಡುತ್ತವೆ. ಇನ್ಸುಲಿನ್ ಇಲ್ಲದೆಯೇ ಸಕ್ಕರೆ ಮಾಮೂಲಾಗಿ ನಿಲ್ಲುತ್ತದೆ. ಪಿಷ್ಟ ಕಡಿಮೆ ಇರುವ ಊಟ, ನಿಧಾನಗತಿಯ ಇನ್ಸುಲಿನ್, ಮನೆಯಲ್ಲಿ ಅಳೆಯುವುದು ಮೂರೂ ಸೇರಿದಾಗ ಇದರ ಸಾಧ್ಯತೆ ಜಾಸ್ತಿ. ಇದು ಬರುವ ಗುರುತೂ ಮೀಟರ್‌ನಲ್ಲೇ ಮೊದಲು ಕಾಣುವುದು: ಅದೇ ಡೋಸ್‌ಗೆ ರೀಡಿಂಗ್‌ಗಳು ವಾರದಿಂದ ವಾರಕ್ಕೆ ಇಳಿಯುತ್ತಾ ಹೋಗುತ್ತವೆ. ಆಗ ವೈದ್ಯರು ಡೋಸ್ ಅನ್ನು ಹಂತ ಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ. ಅಳೆಯದ ಮನೆಗಳಲ್ಲಿ ಈ ಶುಭಸೂಚನೆ ಯಾರ ಕಣ್ಣಿಗೂ ಬೀಳದೆ, ಹಳೆಯ ಡೋಸ್ ಹಾಗೇ ಮುಂದುವರಿದು, ಸಕ್ಕರೆ ತೀರಾ ಇಳಿದು ಬೆಕ್ಕು ಕುಸಿದು ಬೀಳುವುದುಂಟು.

ಇನ್ಸುಲಿನ್ ನಿಂತಿತೆಂದರೆ ಕಾಯಿಲೆ ಪೂರ್ತಿ ಹೋಯಿತೆಂದಲ್ಲ. ಒಂದಷ್ಟು ಬೆಕ್ಕುಗಳಲ್ಲಿ ಅದು ಮರಳಿ ಬರುತ್ತದೆ. ಊಟ ಅದೇ ಇರಲಿ, ವಾರಕ್ಕೊಂದು ರೀಡಿಂಗ್ ತೆಗೆಯುತ್ತಿರಿ, ತೂಕ ನೋಡುತ್ತಿರಿ. ಬೇರೆ ಯಾವ ಕಾಯಿಲೆಗೆ ಯಾವ ವೈದ್ಯರ ಹತ್ತಿರ ಹೋದರೂ ಈ ಬೆಕ್ಕಿಗೆ ಒಮ್ಮೆ ಸಕ್ಕರೆ ಕಾಯಿಲೆ ಇತ್ತು ಎಂದು ಮೊದಲೇ ಹೇಳಿ. ತುರಿಕೆಗೆಂದು ಹಾಕುವ ಒಂದು ಸ್ಟೀರಾಯ್ಡ್ ಚುಚ್ಚುಮದ್ದು ಸಕ್ಕರೆ ಕಾಯಿಲೆಯನ್ನು ವಾಪಸ್ ತರಲು ಸಾಕು.